ಎಡತೋಳು

ಇಲ್ಲಿ ಯುಗಾದಿಗೆ ಎಲೆ ಉದುರುತ್ತವೆ.
ಬ್ಯಾಲರಟ್ಟಿನ ಸ್ಟರ್ಟ್ ಬೀದಿಯ ಮರಗಳು ಹಳದಿ ಕೊಡವಿಕೊಳ್ಳುವಾಗ
ಗ್ರಂಥಾಲಯದ ಹಿಂಬದಿಯ ಕೋಣೆಯಲ್ಲಿ ನಾನು
ನೀಲಿ ಪೆಟ್ಟಿಗೆಯ ಮುಚ್ಚಳ ತೆರೆಯುತ್ತೇನೆ:
ತಣ್ಣಗೆ ಮಲಗಿದ ಸಿರಿಂಜುಗಳು,
ಬಾಣಂತಿಯ ಹಾಗೆ ಜೋಪಾನ ಬೇಡುವವು.

"ಯಾವ ತೋಳು?"
ದಿನಕ್ಕೆ ಎಂಬತ್ತು ಸಲ ಇದೊಂದೇ ಪ್ರಶ್ನೆ.
ಬರೆಯುವವರು ಎಡ ಎನ್ನುತ್ತಾರೆ.
ಮಗು ಎತ್ತುವವಳು ಯೋಚಿಸುತ್ತಾಳೆ.

ಮರ್ವ್ ಪಾಸ್ಕೋ, ಕುರಿಯ ಉಣ್ಣೆ ಕತ್ತರಿಸಿ ಬೆನ್ನು ಬಾಗಿದವನು,
ತೋಳು ಮೇಲೇರಿಸದೆ ಕುರ್ಚಿಯಲ್ಲಿ ಕೂತ.
"ಎಪ್ಪತ್ತೊಂದು ವರ್ಷ, ನನಗೆ ಫ್ಲೂ ಬಂದದ್ದಿಲ್ಲ.
ಹೋದ ವರ್ಷ ಚುಚ್ಚಿಸಿಕೊಂಡೆ, ಮರುವಾರವೇ ನೆಗಡಿ."

ನೆಗಡಿ ಬಂತೆಂದು ಮೂಗು ಕೊಯ್ದುಕೊಂಡಾರೆಯೇ
ಎಂಬ ನಮ್ಮ ಮಾತನ್ನು ಅವನ ಭಾಷೆಗೆ ತಂದು ಹೇಳಿದೆ.
ನಕ್ಕ. ಮೂಗು ಸವರಿಕೊಂಡ.
ನೆಗಡಿ ಬೇರೆ, ಇದು ಬೇರೆ ಎಂದೆ.
ನೆಗಡಿ ನೆಂಟ; ನಿಧಾನ ಬಂದು ನಾಲ್ಕು ದಿನ ಉಂಡು ಹೋಗುತ್ತಾನೆ.
ಇದು ಮೂರು ಗಂಟೆಗೆ ನಿಂತಿದ್ದವನನ್ನು
ನಾಲ್ಕಕ್ಕೆ ಹಾಸಿಗೆಗೆ ಕೆಡವುತ್ತದೆ.
ಕಣ್ಣು ಹೊರಳಿಸಿದರೆ ನೋವು, ಕೂದಲ ಬುಡಕ್ಕೂ ನೋವು.
ಸೂಜಿಯಲ್ಲಿರುವುದು ರೋಗವಲ್ಲ, ಮರ್ವ್,
ಕಳ್ಳನ ಅಂಗಿಯ ಚೂರು,
ನಾಯಿಗೆ ಮೂಸಲು ಕೊಡುತ್ತೇವಲ್ಲ, ಅದು.
ವಾಸನೆ ಕಲಿಯಲು ನಾಯಿಗೆ ಎರಡು ವಾರ ಬೇಕು.
ಕಳ್ಳ ವರ್ಷ ವರ್ಷ ಅಂಗಿ ಬದಲಿಸುತ್ತಾನೆ,
ಅದಕ್ಕೇ ವರ್ಷ ವರ್ಷ ಈ ಕುರ್ಚಿ.
ಕೆಲವೊಮ್ಮೆ ನಮ್ಮ ಊಹೆ ತಪ್ಪುತ್ತದೆ,
ನಾಯಿ ಬೊಗಳುತ್ತದೆ, ಕಚ್ಚುವುದಿಲ್ಲ.
ಬೊಗಳಿದರೂ ಮನೆಯವರು ಏಳುತ್ತಾರೆ.

"ಯೋಚಿಸುತ್ತೇನೆ" ಎಂದು ಟೋಪಿ ಎತ್ತಿಕೊಂಡು ಹೋದ.

ಅವನಿಗೆ ಹೇಳದೆ ಉಳಿದದ್ದು:
ಎರಡು ವರ್ಷದ ಕೆಳಗೆ, ಇನ್ನೂರ ಹನ್ನೊಂದು ತೋಳಿಗೆ ಚುಚ್ಚಿದ ನಾನು
ನನ್ನದನ್ನು ಬರುವ ವಾರಕ್ಕೆಂದು ಬಿಟ್ಟೆ.
ವಾರ ಬಂತು. ಬರುತ್ತಲೇ ಇತ್ತು.
ಆಷಾಢ. ಅಮ್ಮನ ಪಂಚಾಂಗದಲ್ಲಿ ಮಳೆ,
ಇಲ್ಲಿ ಹುಲ್ಲಿನ ಮೇಲೆ ಬೆಳಗಿನ ಬಿಳಿ ಮಂಜುಗಡ್ಡೆ.
ಮಂಗಳವಾರ ಎಡ್ನಾ ಟ್ರೆವಿನ್ನಳ ಕಾಲಿನ ಹುಣ್ಣಿಗೆ ಪಟ್ಟಿ ಕಟ್ಟಿದೆ.
ನನಗೇನೂ ಇರಲಿಲ್ಲ. ಗಂಟಲು ತಿಳಿ, ಹಣೆ ತಂಪು.
ಅವಳು ಶುಂಠಿ ಬಿಸ್ಕತ್ತು ಕೊಟ್ಟಳು,
ಬೆಕ್ಕು ಪಾದ್ರಿಯ ಮಡಿಲೇರಿದ ಕಥೆ ಹೇಳಿದಳು,
ಕಿಟಕಿ ಮುಚ್ಚಿದ ಕೋಣೆಯಲ್ಲಿ
ಮುಖಕ್ಕೆ ಮುಖ ಕೊಟ್ಟು ನಕ್ಕೆವು.
ಬುಧವಾರ ನನಗೆ ಮೂರು ಹೋಗಿ ನಾಲ್ಕಾಯಿತು.
ಶನಿವಾರ ಅವಳನ್ನು ಆಂಬುಲೆನ್ಸ್ ಒಯ್ದಿತು.

ಮೊದಲ ಕೆಮ್ಮಿಗೆ ಒಂದು ದಿನ ಮುಂಚೆಯೇ
ಅದು ಉಸಿರಿನ ದಾರಿ ಹಿಡಿದಿರಬಹುದು.
ಪರೀಕ್ಷೆಯಲ್ಲಿ ಇದನ್ನೇ ಬರೆದು ಅಂಕ ಪಡೆದವಳು ನಾನು.
ನನ್ನಿಂದಲೋ, ಹಾಲಿನ ಅಂಗಡಿಯಿಂದಲೋ, ಚರ್ಚಿನ ಬೆಂಚಿನಿಂದಲೋ
ಯಾರೂ ಹೇಳಲಾರರು.
ಯಾರೂ ಕೇಳಲೂ ಇಲ್ಲ.
ಬೆಕ್ಕು ಈಗ ನಮ್ಮ ಮನೆಯಲ್ಲಿದೆ.

ಅಂದಿನಿಂದ ಕಿಟಕಿ ಒಂದು ಗೇಣು ತೆರೆದೇ ಇರುತ್ತದೆ.
ಚಳಿ ಎಂದು ಗೊಣಗಿದವರಿಗೆ ಕಂಬಳಿ.
ಜ್ವರ ಹೊತ್ತು ಕೆಲಸಕ್ಕೆ ಬರುವ ಶೂರರನ್ನು
ಬಾಗಿಲಿಂದಲೇ ಅಟ್ಟುತ್ತೇನೆ;
ಕೈ ತೊಳೆಯುವಾಗ ಹೆಬ್ಬೆರಳನ್ನು ಮರೆಯುವವರ ಹೆಬ್ಬೆರಳು ಹಿಡಿಯುತ್ತೇನೆ.
ಬೆನ್ನ ಹಿಂದೆ ನನಗೊಂದು ಹೆಸರಿಟ್ಟಿದ್ದಾರಂತೆ. ಇಡಲಿ.

ಶುಕ್ರವಾರ, ಪೆಟ್ಟಿಗೆ ಮುಚ್ಚುವ ಹೊತ್ತಿಗೆ, ಮರ್ವ್.
ಫೋನಿನಲ್ಲಿ ಫೋಟೊ: ಕೊಳವೆಗಳ ನಡುವೆ
ಅವನ ಅಂಗೈಯಷ್ಟೇ ಒಂದು ಮೊಮ್ಮಗಳು.
"ಇವಳಿಗೆ ಯಾವಾಗ ಹಾಕುತ್ತೀರಿ?"
"ಆರು ತಿಂಗಳು ತುಂಬುವ ತನಕ ಹಾಕುವ ಹಾಗಿಲ್ಲ."
ಅವನು ಫೋಟೊ ನೋಡಿದ, ಕಿಟಕಿಯ ಸಂದು ನೋಡಿದ,
ಗುಂಡಿ ಬಿಚ್ಚತೊಡಗಿದ.

"ಯಾವ ತೋಳು?"
ಎರಡೂ ತೋಳನ್ನು ಗಾಳಿಯಲ್ಲಿ ತೊಟ್ಟಿಲು ಮಾಡಿ ತೂಗಿ ನೋಡಿದ,
ಕುರಿಮರಿ ಹಿಡಿದವನಂತೆ.
"ಎಡ" ಎಂದ.

ಹತ್ತಿ ಒತ್ತಿಕೊಂಡು ಹದಿನೈದು ನಿಮಿಷ ಕೂತಿರಬೇಕು.
ಹತ್ತನೆಯ ನಿಮಿಷಕ್ಕೆ, ಬಹಳ ಗಂಭೀರವಾಗಿ,
ಬೆರಳಿಂದ ಮುಟ್ಟಿ ತೋರಿಸಿದ:
ಮೂಗು ಇನ್ನೂ ಇದೆ.